ಸಿಗ್ನಲ್ ಕ್ಯಾಬಿನ್‌ನಲ್ಲಿ ಕೂತು ನೋಡಿ, ಆಮೇಲೆ ‘ಹ್ಯೂಮನ್ ಎರರ್’ ಅನ್ನಿ

ಗೇಮ್ ಅಂತ ಕರೆಯೋಕೇ ಸ್ವಲ್ಪ ಮುಜುಗರ ಆಗೋಂಥ ಒಂದು ಗೇಮ್ ಇದೆ. ಹೆಸರು ಸಿಮ್‌ಸಿಗ್. ರೈಲಿನ ಗೇಮ್, ಆದರೆ ಅದರಲ್ಲಿ ರೈಲೇ ಕಾಣಿಸಲ್ಲ. ಕಪ್ಪು ಸ್ಕ್ರೀನ್, ಅದರ ಮೇಲೆ ಬೂದು ಬಣ್ಣದ ಗೆರೆಗಳು, ಅಲ್ಲಲ್ಲಿ ಕೆಂಪು, ಹಸಿರು ಚುಕ್ಕೆಗಳು, ಅಷ್ಟೇ. ಬ್ರಿಟನ್ನಿನ ಯಾವುದೋ ಸಿಗ್ನಲ್ ಸೆಂಟರ್‌ನಲ್ಲಿ ಡ್ಯೂಟಿ ಮೇಲಿರೋ ಸಿಗ್ನಲರ್ ಕಣ್ಮುಂದೆ ಏನಿರತ್ತೋ ಅದೇ ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಇರತ್ತೆ. ಹಾರ್ನ್ ಇಲ್ಲ, ಕಿಟಕಿ ಆಚೆ ಹೊಲ ಗದ್ದೆ ಇಲ್ಲ. ನನ್ನ ರೂಮ್‌ಮೇಟ್ ಒಂದ್ಸಲ ಇಣುಕಿ ನೋಡಿ, ‘ಇದೇನ್ ಗುರು, ರಾತ್ರಿ ಹನ್ನೊಂದಕ್ಕೆ ಸರ್ಕ್ಯೂಟ್ ಡಯಾಗ್ರಂ ಓದ್ತಿದೀಯ’ ಅಂದ. ತಮಾಷೆಗೆ ಅಂದಿದ್ದು. ಆದ್ರೆ ಈ ಗೇಮ್‌ಗೆ ಅದಕ್ಕಿಂತ ಒಳ್ಳೆ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ಇದು ಗೇಮ್ ರಿವ್ಯೂ ಅಲ್ಲ. ನಾನು ಹೇಳ್ಬೇಕು ಅಂತಿರೋದು ಬೇರೆ. ಇಂಜಿನಿಯರಿಂಗ್ ಓದ್ತಿರೋ ನಾವೆಲ್ಲ, ಬ್ರಾಂಚ್ ಯಾವುದೇ ಇರಲಿ, ಒಂದು ಹತ್ತು ಗಂಟೆ ಆದ್ರೂ ಸಿಗ್ನಲ್ ಕ್ಯಾಬಿನ್ ನಡೆಸೋದನ್ನ ಕಲೀಬೇಕು. ರೈಲ್ವೆ ಪರೀಕ್ಷೆ ಬರೆಯೋಕೆ ಅಂತಲ್ಲ. ಅಪಘಾತ ಆದಾಗಲೆಲ್ಲ ಟೀವಿಯಲ್ಲಿ ‘ಮಾನವ ಲೋಪ’ ಅಂತ ಒಂದು ಪಟ್ಟಿ ಓಡತ್ತಲ್ಲ, ಆ ಮಾನವ ಯಾರು ಅನ್ನೋದು ಆ ಕುರ್ಚಿಯಲ್ಲಿ ಕೂತಾಗ ಗೊತ್ತಾಗತ್ತೆ. ನಾವು ಅಂದ್ಕೊಂಡಿರೋ ವ್ಯಕ್ತಿ ಅಲ್ಲ ಅದು.

ಕೆಲಸ ಹೇಗೆ ನಡೆಯತ್ತೆ ಅಂತ ಮೊದಲು ಹೇಳ್ಬಿಡ್ತೀನಿ. ರೈಲು ಒಂದು ಸಿಗ್ನಲ್‌ನಿಂದ ಮುಂದಿನ ಸಿಗ್ನಲ್‌ವರೆಗೆ ಹೋಗ್ಬೇಕು ಅಂದ್ರೆ ನೀವು ಅದಕ್ಕೆ ಒಂದು ‘ರೂಟ್’ ಹಾಕ್ಬೇಕು. ಶುರುವಿನ ಸಿಗ್ನಲ್ ಮೇಲೆ ಒಂದು ಕ್ಲಿಕ್, ಕೊನೆಯ ಸಿಗ್ನಲ್ ಮೇಲೆ ಇನ್ನೊಂದು ಕ್ಲಿಕ್. ನಡುವೆ ಇರೋ ಪಾಯಿಂಟ್‌ಗಳು, ಅಂದ್ರೆ ರೈಲನ್ನ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸೋ ಜಾಗಗಳು, ತಾವಾಗೇ ಹೊಂದಿಕೊಳ್ಳತ್ವೆ. ಹೊಂದಿಕೊಂಡು ಲಾಕ್ ಆದ್ಮೇಲೆ ಅಷ್ಟು ದೂರದ ಗೆರೆ ಬಿಳಿ ಆಗತ್ತೆ, ಸಿಗ್ನಲ್ ಬಣ್ಣ ಬದಲಾಗತ್ತೆ. ರೈಲು ಬಂದ್ರೆ ಅದು ನಿಂತಿರೋ ತುಂಡು ಕೆಂಪಾಗತ್ತೆ. ಕೆಂಪು ಗೆರೆ ನಿಧಾನಕ್ಕೆ ತೆವಳ್ಕೊಂಡು ಹೋಗತ್ತೆ, ಅದೇ ರೈಲು. ಕೇಳೋಕೆ ಬೋರ್ ಅನ್ಸತ್ತೆ, ಗೊತ್ತು. ಒಂದೇ ಸಲಕ್ಕೆ ಹದಿನೈದು ಕೆಂಪು ಗೆರೆ ತೆವಳ್ತಾ ಇದ್ದಾಗ ಬೋರ್ ಆಗಲ್ಲ.

ಶುರುವಿನಲ್ಲಿ ಎಲ್ರೂ ಮಾಡೋ ಪ್ರಯೋಗ ಒಂದೇ: ಎರಡು ರೈಲನ್ನ ಡಿಕ್ಕಿ ಹೊಡೆಸೋದು. ಕ್ಯೂರಿಯಾಸಿಟಿ, ಇನ್ನೇನು. ಎದುರುಬದುರು ರೂಟ್ ಹಾಕೋಕೆ ಹೋಗ್ತೀರಾ, ಏನೂ ಆಗಲ್ಲ. ರೈಲು ನಿಂತಿರೋ ಪಾಯಿಂಟ್ ತಿರುಗಿಸೋಕೆ ನೋಡ್ತೀರಾ, ತಿರುಗಲ್ಲ. ಸರಿ, ಹಾಕಿರೋ ರೂಟನ್ನಾದ್ರೂ ರೈಲು ಹತ್ತಿರ ಬಂದಾಗ ಪಟ್ ಅಂತ ಕಿತ್ಕೊಂಡು ಬೇರೆ ರೈಲಿಗೆ ಕೊಡೋಣ ಅಂದ್ರೆ, ಸಿಗ್ನಲ್ ಕೆಂಪಾಗತ್ತೆ, ಆದ್ರೆ ಹಳಿ ಮಾತ್ರ ಬಿಡುಗಡೆ ಆಗಲ್ಲ. ಯಾಕಂದ್ರೆ ಡ್ರೈವರ್ ಆಗ್ಲೇ ಹಸಿರು ನೋಡ್ಕೊಂಡು ವೇಗವಾಗಿ ಬರ್ತಿದಾನೆ. ಎದುರಿಗೆ ತಟ್ಟಂತ ಕೆಂಪಾದ್ರೂ ನಿಲ್ಲಿಸೋಕೆ ಆಗದೇ ಇರಬಹುದು. ಹಾಗಾಗಿ ಟೈಮರ್ ಓಡಿ ಮುಗಿಯೋ ತನಕ ಆ ದಾರಿ ಆ ರೈಲಿಗೇ ಮೀಸಲು. ಇದಕ್ಕೆ ಅಪ್ರೋಚ್ ಲಾಕಿಂಗ್ ಅಂತಾರೆ. ಇಷ್ಟೆಲ್ಲ ‘ಆಗಲ್ಲ ಹೋಗು’ ಅನ್ನೋ ವ್ಯವಸ್ಥೆಗೆ ಒಟ್ಟಾರೆ ಹೆಸರು ಇಂಟರ್‌ಲಾಕಿಂಗ್. 1856ರಲ್ಲಿ ಜಾನ್ ಸ್ಯಾಕ್ಸ್‌ಬಿ ಅನ್ನೋರು ಪಾಯಿಂಟ್ ಮತ್ತು ಸಿಗ್ನಲ್ ಲಿವರ್‌ಗಳನ್ನ ಒಂದಕ್ಕೊಂದು ಕಟ್ಟಿಹಾಕೋ ಉಪಾಯಕ್ಕೆ ಪೇಟೆಂಟ್ ತಗೊಂಡ್ರು. ಆಗ ಅದು ಪೂರ್ತಿ ಕಬ್ಬಿಣದ ಕೆಲಸ. ಆಮೇಲೆ ರಿಲೇ ಬಂತು, ಈಗ ಕಂಪ್ಯೂಟರ್. ಲಾಜಿಕ್ ಮಾತ್ರ ಅದೇ. ನಾವು ಮೂರನೇ ಸೆಮ್‌ನಲ್ಲಿ ಬರೆಯೋ ಬೂಲಿಯನ್ ಎಕ್ಸ್‌ಪ್ರೆಷನ್ನೇ, ಸ್ವಲ್ಪ ಉದ್ದ.

ಹಾಗಾದ್ರೆ ಸಿಗ್ನಲರ್‌ಗೆ ಉಳಿಯೋ ಕೆಲಸ ಏನು? ಯಾರು ಮೊದಲು, ಯಾರು ಕಾಯಬೇಕು ಅನ್ನೋದು. ಅಷ್ಟೇ, ಮತ್ತು ಅದೇ ಕಷ್ಟ. ಬ್ರಿಟನ್‌ನಲ್ಲಿ ಪ್ರತಿ ರೈಲಿಗೂ ನಾಲ್ಕು ಅಕ್ಷರ-ಅಂಕಿಗಳ ಒಂದು ಗುರುತು ಇರತ್ತೆ. ಮೊದಲ ಅಂಕಿ 1 ಅಂದ್ರೆ ಎಕ್ಸ್‌ಪ್ರೆಸ್, 2 ಅಂದ್ರೆ ಸಾಮಾನ್ಯ ಪ್ಯಾಸೆಂಜರ್, 5 ಅಂದ್ರೆ ಖಾಲಿ ಬೋಗಿಗಳು, 6 ಅಂದ್ರೆ ಗೂಡ್ಸ್. ಹೊಸಬರು ಈ ಅಂಕಿ ನೋಡಿ ನ್ಯಾಯ ತೀರಿಸ್ತಾರೆ: 1 ಬಂತಾ, ದಾರಿ ಬಿಡು. 6 ಬಂತಾ, ನಿಲ್ಸು. ಆದ್ರೆ ಭಾರದ ಗೂಡ್ಸ್ ಒಂದ್ಸಲ ನಿಂತ್ರೆ ಮತ್ತೆ ವೇಗ ಹಿಡಿಯೋಕೆ ಎಷ್ಟೋ ಹೊತ್ತು ಬೇಕು. ಅಷ್ಟರಲ್ಲಿ ಅದರ ಹಿಂದೆ ಬರೋ ಎರಡು ಪ್ಯಾಸೆಂಜರ್‌ಗೆ ಹಳದಿ ಸಿಗತ್ತೆ, ಅವು ನಿಧಾನ ಆಗತ್ವೆ, ಜಂಕ್ಷನ್‌ನಲ್ಲಿ ತಮ್ಮ ಸರದಿ ಕಳ್ಕೊಳ್ಳತ್ವೆ. ಎಂಟು ನಿಮಿಷ ಲೇಟಾಗಿರೋ ಎಕ್ಸ್‌ಪ್ರೆಸ್‌ಗೋಸ್ಕರ ಸರಿಯಾದ ಟೈಮಿಗೆ ಬಂದ ಲೋಕಲ್‌ನ ನಿಲ್ಲಿಸಬೇಕಾ? ಲೋಕಲ್‌ನ ತಪ್ಪೇನು? ಇದಕ್ಕೆ ಇಂಟರ್‌ಲಾಕಿಂಗ್ ಏನೂ ಹೇಳಲ್ಲ. ಎರಡೂ ಸುರಕ್ಷಿತ, ಯಾವ್ದಾದ್ರೂ ಮಾಡ್ಕೊ ಅನ್ನತ್ತೆ. ನೀವು ಯೋಚ್ನೆ ಮಾಡ್ತಾ ಕೂತ್ರೆ ಫೋನ್ ಬರತ್ತೆ. ಇಂಥ ಸಿಗ್ನಲ್‌ನಲ್ಲಿ ಕೆಂಪು, ನಿಂತಿದೀನಿ ಅಂತ ಡ್ರೈವರ್. ನಿಜವಾದ ಧ್ವನಿ ಅಲ್ಲ, ಸ್ಕ್ರೀನ್ ಮೇಲೆ ಬರೋ ಒಂದು ಸಾಲು. ಆದ್ರೂ ಬೇರೆ ಯಾವ ಗೇಮ್‌ನಲ್ಲೂ ನನಗೆ ಇಷ್ಟು ನಾಚಿಕೆ ಆಗಿದ್ದಿಲ್ಲ.

ಇದನ್ನ ಆಡ್ತಾ ಆಡ್ತಾ ನನಗೆ ಸ್ಪಷ್ಟ ಆಗಿದ್ದು ಇಷ್ಟು. ಈ ಕುರ್ಚಿಯಲ್ಲಿ ಕೂತ ಮನುಷ್ಯ ಎಷ್ಟೇ ಎಡವಟ್ಟಾದ್ರೂ ಸಾಮಾನ್ಯ ದಿನದಲ್ಲಿ ಅವನ ಕೈಯಲ್ಲಿ ಆಗೋದು ಲೇಟು ಮಾತ್ರ. ಮಶೀನ್ ಅವನ ಕೈ ಹಿಡಿದಿದೆ. ಹಾಗಾದ್ರೆ ಆ ಮಶೀನ್‌ನ ಕೈ ಯಾರು ಹಿಡಿದಿರೋದು?

ಅದಕ್ಕೆ ಹೋಗೋ ಮೊದ್ಲು, ಹಳಿ ಮೇಲೆ ರೈಲು ಇದೆ ಅಂತ ಸ್ಕ್ರೀನ್‌ಗೆ ಹೇಗೆ ಗೊತ್ತಾಗತ್ತೆ ಅನ್ನೋದನ್ನ ನೋಡ್ಬೇಕು. ನನ್ನ ಪ್ರಕಾರ ಇಡೀ ರೈಲ್ವೆಯಲ್ಲಿ ಅತಿ ಚಂದದ ಸರ್ಕ್ಯೂಟ್ ಅದು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಪೇಟೆಂಟ್ ತಗೊಂಡಿದ್ದು. ಹಳಿಯನ್ನ ತುಂಡು ತುಂಡಾಗಿ ಇನ್ಸುಲೇಟ್ ಮಾಡಿ, ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ ಇಡೋದು. ಹಳಿ ಖಾಲಿ ಇದ್ರೆ ಕರೆಂಟ್ ಹರಿದು ರಿಲೇ ಎದ್ದಿರತ್ತೆ. ರೈಲು ಬಂದ್ರೆ ಅದರ ಗಾಲಿ ಮತ್ತು ಆಕ್ಸಲ್ ಎರಡು ಹಳಿಯನ್ನ ಶಾರ್ಟ್ ಮಾಡತ್ತೆ, ರಿಲೇ ಬೀಳತ್ತೆ, ಸಿಗ್ನಲ್ ಕೆಂಪು. ಇದರ ಜಾಣತನ ಇರೋದು ಉಲ್ಟಾ ಯೋಚನೆಯಲ್ಲಿ. ಬ್ಯಾಟರಿ ಸತ್ತರೂ ರಿಲೇ ಬೀಳತ್ತೆ. ವೈರ್ ಕಟ್ ಆದ್ರೂ ಬೀಳತ್ತೆ. ಹಳಿಯೇ ಮುರಿದು ಬಾಯ್ಬಿಟ್ಟರೂ ಸಾಮಾನ್ಯವಾಗಿ ಬೀಳತ್ತೆ. ಏನು ಕೆಟ್ಟರೂ ಉತ್ತರ ‘ರೈಲು ಇದೆ, ಬರಬೇಡ’.

ಈಗ ನಮ್ಮ ಲ್ಯಾಬ್ ನೆನಪು ಮಾಡ್ಕೊಳ್ಳಿ. ಬ್ರೆಡ್‌ಬೋರ್ಡ್ ಮೇಲೆ ಎಲ್‌ಇಡಿ ಹತ್ತಿದ್ರೆ ‘ಔಟ್‌ಪುಟ್ ಬಂತು’, ಸರ್ ಹತ್ರ ಸೈನ್, ಮನೆಗೆ. ಹತ್ತಲಿಲ್ಲ ಅಂದ್ರೆ ವೈರ್ ಅಲ್ಲಾಡ್ಸು, ಐಸಿ ಒತ್ತು, ಪಕ್ಕದ ಬೆಂಚ್‌ನಿಂದ ಬೇರೆ ಟ್ರೈನರ್ ಕಿಟ್ ತಗೊಂಬಾ. ಹೇಗೋ ಹತ್ತಬೇಕು. ಒಂದು ವೈರ್ ಬಿಟ್ಟುಹೋದ್ರೆ ನಿನ್ನ ಸರ್ಕ್ಯೂಟ್ ಯಾವ ಕಡೆಗೆ ಬೀಳತ್ತೆ ಅಂತ ವೈವಾದಲ್ಲಿ ಯಾರೂ ಕೇಳಿದ್ದು ನಾನು ಕಂಡಿಲ್ಲ. ನಾಲ್ಕು ವರ್ಷ ‘ಹತ್ತಿಸೋದು’ ಕಲಿತವರು ನಾಳೆ ‘ಆರಿಸೋದು’ ಮುಖ್ಯವಾಗಿರೋ ಜಾಗಕ್ಕೆ ಕೆಲಸಕ್ಕೆ ಹೋಗ್ತೀವಿ.

ಈ ‘ಆಗಲ್ಲ’ಗಳು ಸುಮ್ಮನೆ ಬಂದಿದ್ದಲ್ಲ. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಹತ್ತಿರ ಮಕ್ಕಳನ್ನ ಪ್ರವಾಸಕ್ಕೆ ಕರ್ಕೊಂಡು ಹೋಗ್ತಿದ್ದ ರೈಲು ಏರಿನಲ್ಲಿ ನಿಂತುಹೋಯ್ತು. ಮುಂದಿನ ಅರ್ಧ ಎಳ್ಕೊಂಡು ಹೋಗೋಣ ಅಂತ ರೈಲನ್ನ ಎರಡು ಭಾಗ ಮಾಡಿದ್ರು. ಹಿಂದಿನ ಭಾಗ ಇಳಿಜಾರಿನಲ್ಲಿ ವಾಪಸ್ ಉರುಳಿ, ಹಿಂದೆ ಬರ್ತಿದ್ದ ರೈಲಿಗೆ ಬಡಿದು 80 ಜನ ಸತ್ತರು. ಬಹಳಷ್ಟು ಜನ ಮಕ್ಕಳು. ಆ ಲೈನ್‌ನಲ್ಲಿ ಒಂದು ರೈಲು ಬಿಟ್ಟು ಇಷ್ಟು ನಿಮಿಷ ಆದ್ಮೇಲೆ ಇನ್ನೊಂದು ಬಿಡೋ ಪದ್ಧತಿ ಇತ್ತು. ಮುಂದಿನದು ನಿಜವಾಗ್ಲೂ ಮುಂದೆ ಹೋಗಿದೆಯಾ ಅಂತ ಕೇಳೋ ಏರ್ಪಾಡು ಇರಲಿಲ್ಲ. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟ್ ಕಾನೂನು ಮಾಡಿ ಪ್ಯಾಸೆಂಜರ್ ಲೈನ್‌ಗಳಲ್ಲಿ ಬ್ಲಾಕ್ ಪದ್ಧತಿ, ಇಂಟರ್‌ಲಾಕಿಂಗ್, ಇಡೀ ರೈಲಿಗೆ ತಾನಾಗೇ ಹಿಡಿಯೋ ಬ್ರೇಕ್ ಮೂರನ್ನೂ ಕಡ್ಡಾಯ ಮಾಡ್ತು. ಈ ಮೂರೂ ಅದಕ್ಕೆ ಮೊದಲೇ ಗೊತ್ತಿದ್ದವು. ಕಂಪನಿಗಳಿಗೆ ಖರ್ಚು ಜಾಸ್ತಿ ಅನ್ಸಿತ್ತು, ಅಷ್ಟೇ.

1915ರ ಮೇ 22, ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್. ಇದನ್ನ ಓದಿದ್ಮೇಲೆ ನನಗೆ ಎರಡು ದಿನ ಬೇರೆ ಏನೂ ತಲೆಗೆ ಹತ್ತಲಿಲ್ಲ. ಬೆಳಗಿನ ಪಾಳಿಯ ಸಿಗ್ನಲ್‌ಮನ್ ತಡವಾಗಿ ಬಂದ, ಲೋಕಲ್ ರೈಲು ಹತ್ಕೊಂಡು ಬಂದ. ಪಕ್ಕದ ಲೂಪ್‌ಗಳು ತುಂಬಿದ್ದರಿಂದ ಆ ಲೋಕಲ್ ರೈಲನ್ನೇ ಎದುರು ದಿಕ್ಕಿನ ಮೇನ್ ಲೈನ್ ಮೇಲೆ ನಿಲ್ಲಿಸಿದ್ರು, ಕ್ಯಾಬಿನ್ ಎದುರಿಗೇ. ತಡವಾಗಿ ಬಂದಿದ್ದು ಗೊತ್ತಾಗಬಾರದು ಅಂತ ಅವನು ರಿಜಿಸ್ಟರ್‌ಗೆ ಹಿಂದಿನ ಎಂಟ್ರಿಗಳನ್ನ ತನ್ನ ಕೈಬರಹದಲ್ಲಿ ನಕಲು ಮಾಡ್ತಾ ಕೂತ. ನಮ್ಮ ಲ್ಯಾಬ್ ರೆಕಾರ್ಡ್ ನೆನಪಾಗತ್ತೆ, ಅಲ್ವಾ? ಆ ಗಡಿಬಿಡಿಯಲ್ಲಿ, ತಾನೇ ಇಳಿದು ಬಂದ ರೈಲು ಹೊರಗೆ ನಿಂತಿದೆ ಅನ್ನೋದನ್ನ ಮರೆತು, ಸೈನಿಕರ ರೈಲಿಗೆ ಸಿಗ್ನಲ್ ಕೊಟ್ಟ. ಡಿಕ್ಕಿ ಆದ ಅವಶೇಷಕ್ಕೆ ಇನ್ನೊಂದು ಕಡೆಯಿಂದ ಎಕ್ಸ್‌ಪ್ರೆಸ್ ಬಂದು ಬಡೀತು, ಬೆಂಕಿ ಹತ್ತಿಕೊಳ್ತು. ಸತ್ತವರು 200ಕ್ಕೂ ಹೆಚ್ಚು. ಇಬ್ಬರು ಸಿಗ್ನಲ್‌ಮನ್‌ಗಳು ಜೈಲಿಗೆ ಹೋದರು.

ಅವರ ತಪ್ಪು ಇಲ್ಲ ಅಂತ ನಾನು ಹೇಳ್ತಿಲ್ಲ. ನಿಂತಿರೋ ರೈಲು ಮರೆಯಬಾರದು ಅಂತ ಲಿವರ್‌ಗೆ ಹಾಕೋಕೆ ಒಂದು ಬಳೆ ಇತ್ತು, ಅದನ್ನ ಹಾಕಿರಲಿಲ್ಲ. ಆದ್ರೆ ಇಸವಿ ನೋಡಿ. ಟ್ರ್ಯಾಕ್ ಸರ್ಕ್ಯೂಟ್ ಬಂದು ಆಗಲೇ 43 ವರ್ಷ. ಕ್ಯಾಬಿನ್ ಎದುರಿನ ಆ ತುಂಡು ಹಳಿಗೆ ಅದೊಂದನ್ನ ಹಾಕಿ ಲಿವರ್‌ಗೆ ಜೋಡಿಸಿದ್ದಿದ್ರೆ, ಅವನು ಮರೆತರೂ ಲಿವರ್ ಅಲ್ಲಾಡ್ತಿರಲಿಲ್ಲ. ಮರೆಯೋದು ಮನುಷ್ಯನ ಸ್ವಭಾವ. ಒಬ್ಬ ಮನುಷ್ಯನ ನೆನಪಿನ ಮೇಲೆ ಇಡೀ ರೈಲನ್ನ ನಿಲ್ಲಿಸಿದ್ದು ಮಾತ್ರ ಯಾರೋ ಮಾಡಿದ ಡಿಸೈನ್. ಸ್ಕ್ರೀನ್ ಮೇಲೆ ಕೆಂಪು ಗೆರೆ ಕಾಣೋ ನಾನೇ ಹತ್ತು ರೈಲಾದ ಮೇಲೆ ಯಾವುದು ಎಲ್ಲಿದೆ ಅಂತ ಮತ್ತೆ ಮತ್ತೆ ನೋಡ್ತಿರ್ತೀನಿ. ಅವನಿಗೆ ಕೆಂಪು ಗೆರೆಯೂ ಇರಲಿಲ್ಲ.

ಸರಿ, ಈಗ ಎಲ್ಲ ಕಡೆ ಟ್ರ್ಯಾಕ್ ಸರ್ಕ್ಯೂಟ್ ಬಂತು, ಆಕ್ಸಲ್ ಕೌಂಟರ್ ಬಂತು, ಕಂಪ್ಯೂಟರ್ ಬಂತು. ಮುಗೀತಾ? ನನ್ನ ವಾದ ನಿಜವಾಗಿ ಶುರು ಆಗೋದೇ ಇಲ್ಲಿಂದ.

1988ರ ಡಿಸೆಂಬರ್ 12, ಲಂಡನ್ನಿನ ಕ್ಲ್ಯಾಪ್‌ಹ್ಯಾಮ್ ಜಂಕ್ಷನ್ ಹತ್ತಿರ ಬೆಳಗಿನ ರಶ್‌ನಲ್ಲಿ ರೈಲುಗಳು ಡಿಕ್ಕಿಯಾಗಿ 35 ಜನ ಸತ್ತರು. ಡ್ರೈವರ್‌ದು ತಪ್ಪಿರಲಿಲ್ಲ, ಸಿಗ್ನಲ್‌ಮನ್‌ದೂ ಇರಲಿಲ್ಲ. ಮುಂದೆ ರೈಲು ನಿಂತಿದ್ದರೂ ಸಿಗ್ನಲ್ ಕೆಂಪಾಗಲಿಲ್ಲ. ಯಾಕಂದ್ರೆ ಹೊಸ ವೈರಿಂಗ್ ಮಾಡುವಾಗ ಹಳೇ ವೈರ್ ಒಂದನ್ನ ಕತ್ತರಿಸದೆ, ಟೇಪ್ ಸುತ್ತದೆ ಹಾಗೇ ಬಿಟ್ಟಿದ್ರು. ಹಿಂದಿನ ದಿನ, ಭಾನುವಾರ, ಅದೇ ರಿಲೇ ರೂಮಿನಲ್ಲಿ ಬೇರೆ ಕೆಲಸ ನಡೆದಾಗ ಅದು ಅಲುಗಾಡಿ ತನ್ನ ಹಳೇ ಟರ್ಮಿನಲ್‌ಗೆ ಮತ್ತೆ ತಾಗ್ತು. ಬೀಳಬೇಕಾದ ರಿಲೇಗೆ ಕಳ್ಳದಾರಿಯಿಂದ ಕರೆಂಟ್ ಸಿಕ್ತು. ಆಂಥನಿ ಹಿಡನ್ ಅವರ ವಿಚಾರಣಾ ವರದಿಯಲ್ಲಿ ಬಂದ ಇನ್ನೊಂದು ವಿಷಯ: ಆ ವೈರಿಂಗ್ ಮಾಡಿದ ಟೆಕ್ನಿಷಿಯನ್‌ಗೆ ಅದಕ್ಕೆ ಹಿಂದಿನ 13 ವಾರಗಳಲ್ಲಿ ಸಿಕ್ಕಿದ್ದು ಒಂದೇ ದಿನ ರಜೆ. ಕೆಲಸ ಮುಗಿದ್ಮೇಲೆ ಬೇರೆಯವರು ಬಂದು ವೈರ್ ಎಣಿಸಿ ನೋಡಬೇಕಿತ್ತು. ಯಾರೂ ನೋಡಲಿಲ್ಲ.

2023ರ ಜೂನ್ 2, ಒಡಿಶಾದ ಬಹನಾಗಾ ಬಜಾರ್ ಸ್ಟೇಷನ್. ಬಾಲಸೋರ್ ಅಪಘಾತ ಅಂದ್ರೆ ಎಲ್ರಿಗೂ ನೆನಪಿರತ್ತೆ. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನ್ ಹಸಿರು, ಪಾಯಿಂಟ್ ಮಾತ್ರ ಲೂಪ್ ಲೈನ್ ಕಡೆಗೆ, ಲೂಪ್‌ನಲ್ಲಿ ಗೂಡ್ಸ್ ರೈಲು. ಹಳಿ ತಪ್ಪಿದ ಬೋಗಿಗಳು ಬಡಿದದ್ದು ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೋಗ್ತಿದ್ದ ರೈಲಿಗೆ. 290ಕ್ಕೂ ಹೆಚ್ಚು ಜನ ಸತ್ತರು. ಮೊದಲ ದಿನ ವಾಟ್ಸಾಪ್‌ನಲ್ಲಿ ಓಡಾಡಿದ್ದು ಡ್ರೈವರ್ ಮತ್ತು ಸ್ಟೇಷನ್ ಮಾಸ್ಟರ್ ಮೇಲಿನ ಬೈಗುಳ. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಬೆರಳು ತೋರಿಸಿದ್ದು ಸಿಗ್ನಲ್ ಸರ್ಕ್ಯೂಟ್‌ನಲ್ಲಿ ಹಿಂದೆ ಮಾಡಿದ್ದ ಬದಲಾವಣೆಯ ಲೋಪಕ್ಕೆ ಮತ್ತು ಲೆವೆಲ್ ಕ್ರಾಸಿಂಗ್ ಗೇಟಿನ ಸಿಗ್ನಲ್ ಕೆಲಸಕ್ಕೆ. ಆಮೇಲೆ ಬಂಧನ ಆದ ಮೂವರಲ್ಲಿ ಇಬ್ಬರು ಇಂಜಿನಿಯರ್‌ಗಳು, ಒಬ್ಬ ಟೆಕ್ನಿಷಿಯನ್. ಅವರದ್ದು ಎಷ್ಟು ತಪ್ಪು ಅನ್ನೋದನ್ನ ಕೋರ್ಟ್ ಹೇಳಲಿ. ನಾನು ಹೇಳ್ತಿರೋದು ಅವರ ಕೈಯಲ್ಲಿದ್ದ ಕೆಲಸದ ಬಗ್ಗೆ. ವೈರ್, ಡಯಾಗ್ರಂ, ಲೇಬಲ್, ಟೆಸ್ಟಿಂಗ್. ಅದು ನಮ್ಮ ಸಿಲಬಸ್.

ಇದಕ್ಕೆ ನಾಲ್ಕು ತಿಂಗಳ ಮೊದಲು ಅಂಥದ್ದೇ ಒಂದು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ತಪ್ಪಿತ್ತು. 2023ರ ಫೆಬ್ರವರಿ 8ರಂದು ಹೊಸದುರ್ಗ ರೋಡ್ ಸ್ಟೇಷನ್‌ನಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ನ ಲೋಕೋ ಪೈಲಟ್, ಪಾಯಿಂಟ್ ತಪ್ಪು ಲೈನ್ ಕಡೆಗೆ ಇರೋದನ್ನ ಕಣ್ಣಿಂದ ನೋಡಿ ರೈಲು ನಿಲ್ಲಿಸಿದ್ರು. ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ಲೋಪ ಇದೆ, ಸರಿಪಡಿಸದೇ ಇದ್ರೆ ದೊಡ್ಡ ಅಪಘಾತ ಆಗಬಹುದು ಅಂತ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮಾರನೇ ದಿನವೇ ಪತ್ರ ಬರೆದ್ರು. ಆ ಪತ್ರ ಸುದ್ದಿಯಾಗಿದ್ದು ಬಾಲಸೋರ್ ಆದ್ಮೇಲೆ. ‘ಮಾನವ ಲೋಪ’ ಅನ್ನೋ ಪದ ಟೀವಿಯಲ್ಲಿ ದಿನಾ ಸಿಗತ್ತೆ. ಆ ಲೋಕೋ ಪೈಲಟ್ ಮಾಡಿದ್ದಕ್ಕೆ ಅಷ್ಟೇ ಚಿಕ್ಕದಾದ, ಪಟ್ಟಿಯಲ್ಲಿ ಓಡಿಸೋಕಾಗೋ ಒಂದು ಪದ ನಮ್ಮ ಹತ್ರ ಯಾಕಿಲ್ಲ?

ಕ್ಯಾಂಟೀನ್‌ನಲ್ಲಿ ಇದನ್ನ ಹೇಳಿದ್ರೆ ಸಿಎಸ್ ಹುಡುಗ್ರು ತಕ್ಷಣ ಹೇಳೋದು, ‘ಎಲ್ಲಾ ಆಟೊಮೇಟ್ ಮಾಡ್ಬಿಡಿ ಮಚ್ಚಾ, ಮನುಷ್ಯನ್ನೇ ತೆಗೀರಿ’ ಅಂತ. ಸಿಮ್‌ಸಿಗ್‌ನಲ್ಲೇ ಅದೂ ಇದೆ. ಕೆಲವು ಸೆಂಟರ್‌ಗಳಲ್ಲಿ ಟೈಮ್‌ಟೇಬಲ್ ನೋಡಿ ತಾನೇ ರೂಟ್ ಹಾಕೋ ವ್ಯವಸ್ಥೆ ಇರತ್ತೆ. ಎಲ್ಲ ಸರಿಯಾಗಿದ್ದಾಗ ಅದು ನಮಗಿಂತ ಚೆನ್ನಾಗಿ ನಡ್ಸತ್ತೆ, ಒಪ್ಕೋತೀನಿ. ಒಂದು ಪಾಯಿಂಟ್ ಕೈಕೊಟ್ಟು, ಟೈಮ್‌ಟೇಬಲ್ ಚಿಂದಿ ಆದ್ಮೇಲೆ ಮತ್ತೆ ಮನುಷ್ಯನೇ ಕೈ ಹಾಕ್ಬೇಕು. ಅಷ್ಟು ಹೊತ್ತು ಸುಮ್ಮನೆ ಕೂತಿದ್ದವನಿಗೆ ಯಾವ ರೈಲು ಎಲ್ಲಿದೆ ಅನ್ನೋ ಚಿತ್ರವೇ ತಲೆಯಲ್ಲಿ ಇರಲ್ಲ. ಕವಚ್ ಬರ್ತಿದೆ, ಬರಲಿ, ಕೆಂಪು ದಾಟೋ ರೈಲಿಗೆ ಅದು ಬ್ರೇಕ್ ಹಾಕತ್ತೆ, ಬೇಗ ಬಂದಷ್ಟೂ ಒಳ್ಳೇದು. ಆದ್ರೆ ಸಿಗ್ನಲ್ ಯಾವ ಬಣ್ಣದಲ್ಲಿದೆ ಅಂತ ಕವಚ್ ಕೇಳಿ ತಿಳ್ಕೊಳ್ಳೋದು ಅದೇ ಇಂಟರ್‌ಲಾಕಿಂಗ್‌ನಿಂದ. ಆಟೊಮೇಷನ್‌ನಿಂದ ಮನುಷ್ಯ ಹೋಗಲ್ಲ, ಪ್ಯಾನಲ್ ಮುಂದಿಂದ ಎದ್ದು ರಿಲೇ ರೂಮಿಗೋ ಕೋಡ್ ಎಡಿಟರ್ ಮುಂದಕ್ಕೋ ಹೋಗ್ತಾನೆ. ಪ್ಯಾನಲ್ ಮುಂದೆ ಕೂತಾಗ ಅವನನ್ನ ತಡೆಯೋಕೆ ಒಂದು ಮಶೀನ್ ಇತ್ತು. ರಿಲೇ ರೂಮಿನಲ್ಲಿ ಅವನನ್ನ ತಡೆಯೋಕೆ ಇರೋದು ಇನ್ನೊಬ್ಬ ಮನುಷ್ಯ, ಅವನ ಹತ್ರ ಸಮಯ ಇದ್ರೆ.

ಹಾಗಾಗಿ ನನ್ನ ಬೇಡಿಕೆ ಬರೀ ‘ಗೇಮ್ ಆಡಿ’ ಅನ್ನೋದಲ್ಲ. ಆಡಿ, ಅದರ ಕೆಲವು ಸಿಮ್ಯುಲೇಷನ್‌ಗಳು ಫ್ರೀಯಾಗೇ ಸಿಗತ್ವೆ, ವಿಂಡೋಸ್ ಲ್ಯಾಪ್‌ಟಾಪ್ ಸಾಕು. ದಯವಿಟ್ಟು ಮೊದಲ ದಿನವೇ ಕಿಂಗ್ಸ್ ಕ್ರಾಸ್ ತೆರೀಬೇಡಿ, ಅಳು ಬರತ್ತೆ. ಚಿಕ್ಕ ಏರಿಯಾ ತಗೊಳ್ಳಿ, ತಾನೇ ರೂಟ್ ಹಾಕೋ ವ್ಯವಸ್ಥೆ ಇದ್ರೆ ಆಫ್ ಮಾಡಿ. ಆದ್ರೆ ಅದರ ಜೊತೆಗೆ ನಮ್ಮ ಡಿಜಿಟಲ್ ಲ್ಯಾಬ್‌ನಲ್ಲಿ ವರ್ಷವರ್ಷಾ ಎಲ್ರೂ ಮಾಡೋ ಟ್ರಾಫಿಕ್ ಲೈಟ್ ಪ್ರಾಜೆಕ್ಟ್ ಬದಲು ಒಂದು ಪುಟ್ಟ ಸ್ಟೇಷನ್‌ನ ಇಂಟರ್‌ಲಾಕಿಂಗ್ ಕೊಡಲಿ. ಒಂದು ಮೇನ್ ಲೈನ್, ಒಂದು ಲೂಪ್, ಎರಡು ಪಾಯಿಂಟ್, ನಾಲ್ಕು ಸಿಗ್ನಲ್. ಬಹನಾಗಾ ಬಜಾರ್‌ನ ಒಂದು ಬದಿಯಷ್ಟು ಅಂದ್ಕೊಳ್ಳಿ. ಗೇಟ್‌ಗಳಲ್ಲೇ ಮಾಡಬಹುದು, ಮೈಕ್ರೋಕಂಟ್ರೋಲರ್‌ನಲ್ಲೂ ಮಾಡಬಹುದು.

ಮಾರ್ಕ್ಸ್ ಕೊಡೋ ರೀತಿ ಮಾತ್ರ ಬದಲಾಗ್ಬೇಕು. ಔಟ್‌ಪುಟ್ ಬಂದಿದ್ದಕ್ಕೆ ಅರ್ಧ ಮಾರ್ಕ್ಸ್ ಸಾಕು. ಉಳಿದರ್ಧ ಇನ್ನೊಂದು ಬ್ಯಾಚ್‌ನ ಕೈಯಲ್ಲಿ ಇರಲಿ. ಅವರು ಬಂದು ನಿಮ್ಮ ಬೋರ್ಡ್‌ನಲ್ಲಿರೋ ವೈರ್‌ಗಳನ್ನ ಡಯಾಗ್ರಂ ಜೊತೆ ಒಂದೊಂದಾಗಿ ಎಣಿಸ್ತಾರೆ. ಆಮೇಲೆ ತಮಗೆ ಬೇಕಾದ ವೈರ್ ಒಂದನ್ನ ಕಿತ್ತು, ಸಿಗ್ನಲ್ ಯಾವ ಬಣ್ಣಕ್ಕೆ ಬರತ್ತೆ ಅಂತ ನೋಡ್ತಾರೆ. ನೀವು ಪಕ್ಕದಲ್ಲಿ ಕೈಕಟ್ಟಿ ನಿಂತಿರಬೇಕು, ಯಾವ ವೈರನ್ನೂ ಅಲ್ಲಾಡಿಸೋ ಹಾಗಿಲ್ಲ.